ದಾರಿಯಲ್ಲೇ ಸಿಗುವ ಊರು

"ಈ ಜಲಪಾತ ಯಾರಿಗೆ ಬೇಕಾಗಿತ್ತು?"

ಫೋಟೋಗಳಿಗೆ ಕಟ್ಟು ಹಾಕುವ ಅವನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಗಾಜಿನ ಹಾಳೆಗಳಲ್ಲಿ ಅವನ ಮುಖವೇ ಒಂದರ ಹಿಂದೊಂದು ಮಸುಕಾಗಿ ನಿಂತು ಅವನನ್ನು ನೋಡಿತು. ತನ್ನ ದನಿ ಇಷ್ಟು ಗಟ್ಟಿಯಾಗಿ ಹೊರಬಿದ್ದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಪಕ್ಕದ ಅಂಗಡಿಯ ದರ್ಜಿಗೆ ಕೇಳಿಸಿತೋ ಏನೋ ಎಂದು ಹೊಲಿಗೆ ಯಂತ್ರದ ಸದ್ದಿಗೆ ಕಿವಿಗೊಟ್ಟ. ಅದು ತನ್ನ ಪಾಡಿಗೆ ಓಡುತ್ತಿತ್ತು. ಮೇಜಿನ ಮೇಲೆ ಫೋನು ಇನ್ನೂ ಬೆಳಗುತ್ತಿತ್ತು. ಹೆಂಡತಿಯ ಅಣ್ಣ ನಗರದಿಂದ ಕಳಿಸಿದ ಸಂದೇಶ: 'ಶುಕ್ರವಾರ ಖಾಲಿ ಇತ್ತಲ್ಲ, ಅದೂ ತುಂಬಿತು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಜಲಪಾತ. ವ್ಯಾನ್ ಹೇಳಿದೀನಿ. ಹತ್ತಿ ಹತ್ತಿ!' ಈ ಹತ್ತಿ ಹತ್ತಿಯಿಂದಲೇ ಮನೆಯಲ್ಲಿ ಅವನಿಗೆ ಕಂಡಕ್ಟರ್ ಎಂದು ಹೆಸರು. ಬಸ್ಸಿಗೂ ಅವನಿಗೂ ಯಾವ ಸಂಬಂಧವೂ ಇಲ್ಲ, ಯಾವುದೋ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಾನೆ. ಆದರೆ ನಾಲ್ಕು ಜನ ಒಂದು ಕಡೆ ಸೇರಿದರೆ ಅವರನ್ನು ಎಲ್ಲಿಗಾದರೂ ಹೊರಡಿಸದೆ ಅವನಿಗೆ ತಿಂದದ್ದು ಅರಗುವುದಿಲ್ಲ.

ಶುಕ್ರವಾರವನ್ನು ಇವನು ಖಾಲಿ ಬಿಟ್ಟುಕೊಂಡಿದ್ದ. ಬಿಟ್ಟುಕೊಂಡಿದ್ದ ಎಂದರೆ, ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಕರವಸ್ತ್ರ ಎಸೆದು, ಇದು ನನ್ನದು ಎಂದು ಬಾಯಿಬಿಟ್ಟು ಹೇಳದೆ ಕೆಳಗೇ ನಿಂತವನ ಹಾಗೆ. ಕಂಡಕ್ಟರ್ ಭಾವ ಫೋನಿನಲ್ಲಿ ಸೋಮವಾರ ಎತ್ತರದ ಕಟ್ಟಡ, ಮಂಗಳವಾರ ಪ್ರಾಣಿಸಂಗ್ರಹಾಲಯ, ಬುಧವಾರ ಮಾರುಕಟ್ಟೆ ಎಂದು ಒಂದೊಂದೇ ದಿನವನ್ನು ಮೊಳೆ ಹೊಡೆದು ಕೂರಿಸುತ್ತಾ ಬಂದಾಗ ಇವನು ಎಲ್ಲದಕ್ಕೂ ಹೂಂ ಅಂದಿದ್ದ. ಶುಕ್ರವಾರದ ಹತ್ತಿರ ಬಂದಾಗ ಮಾತ್ರ ಸುಮ್ಮನಿದ್ದ. ಆ ಸುಮ್ಮನಿರುವಿಕೆಯೇ ಸಾಕು, ಯಾರಾದರೂ ಯಾಕೆ ಎಂದು ಕೇಳಿಯೇ ಕೇಳುತ್ತಾರೆ, ಕೇಳಿದಾಗ ಹೇಳಿದರಾಯಿತು ಎಂದುಕೊಂಡಿದ್ದ. ಯಾರೂ ಕೇಳಲಿಲ್ಲ. ಅಸಲಿಗೆ ಈ ಪ್ರವಾಸದ ಮಾತು ತೆಗೆದವನೇ ಇವನು. ಮಗಳಿಗೆ ನಗರ ತೋರಿಸಬೇಕು, ಬೆಳೆಯುತ್ತಿದ್ದಾಳೆ, ಇಲ್ಲಿ ಏನಿದೆ ನೋಡಲಿಕ್ಕೆ ಎಂದು ಒಂದು ಸಂಜೆ ಊಟದ ತಟ್ಟೆ ನೋಡುತ್ತಾ ಹೇಳಿದಾಗ ಹೆಂಡತಿ ಅವನ ಹಣೆ ಮುಟ್ಟಿ ನೋಡಿದ್ದಳು, ಜ್ವರ ಬಂದಿದೆಯೇ ಎಂದು. ಮಗಳು ಕುಣಿದುಬಿಟ್ಟಿದ್ದಳು. ಆ ಕುಣಿತ ನೋಡುತ್ತಾ ಅವನಿಗೆ ಒಳಗೊಳಗೇ ಕಳ್ಳತನ ಮಾಡಿದಂತಾಗಿತ್ತು.

ಬೇಸಗೆಯ ಮೊದಲಲ್ಲಿ ಒಬ್ಬಾಕೆ ತನ್ನ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಲು ಬಂದಿದ್ದಳು. ಕಟ್ಟಿನ ಮರದ ಪಟ್ಟಿಗಳನ್ನು ಒಂದೊಂದಾಗಿ ಪತ್ರದ ಅಂಚಿಗಿಟ್ಟು ನೋಡುತ್ತಾ ಇದ್ದವಳು ತಟ್ಟನೆ ತಲೆಯೆತ್ತಿ, "ನೀವು ಆಸ್ಪತ್ರೆ ದೊಡ್ಡ ಸಿಸ್ಟರ್ ತಮ್ಮ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ ಬಿಡಿ. ಅವರ ಕೈಕೆಳಗೇ ನಾನು ಕೆಲ್ಸ ಕಲ್ತಿದ್ದು. ಸೂಜಿ ಸರಿಯಾಗಿ ಹಿಡೀದಿದ್ರೆ ಬೆರಳಿಗೇ ಏಟು," ಎಂದು ನಕ್ಕಿದ್ದಳು. ಆಮೇಲೆ ದನಿ ತಗ್ಗಿಸಿ, "ಆಪರೇಷನ್ ಆದ್ಮೇಲೆ ಹೇಗಿದಾರೆ ಈಗ?" ಎಂದಳು. ಅಳತೆಯ ಟೇಪು ಅವನ ಕೈಯಲ್ಲೇ ಇತ್ತು. ಅದನ್ನು ಸುತ್ತುತ್ತಾ, "ಈಗ ಪರವಾಗಿಲ್ಲ," ಎಂದ. "ಒಬ್ರೇ ಅಲ್ವಾ ಇರೋದು? ನೀವು ಹೋಗಿ ಬರ್ತಿರ್ತೀರಿ ತಾನೇ?" "ಹೂಂ." ಎಂಥ ಆಪರೇಷನ್ನು, ಯಾವಾಗ, ಎಲ್ಲಿ, ಹೊಲಿಗೆ ಬಿಚ್ಚಿದ ದಿನ ಹತ್ತಿರ ಯಾರಿದ್ದರು, ಇದ್ಯಾವುದೂ ತಿಳಿಯದವನು ಹೊರಗಿನವಳ ಎದುರು ಹೂಂ ಅಂದು, ಪ್ರಮಾಣಪತ್ರದ ಹೆಸರನ್ನು ನೋಡುತ್ತಾ ನಿಂತ. ಅವತ್ತು ಸಂಜೆಯೇ ಅಕ್ಕನಿಗೆ ಫೋನು ಮಾಡಿದ. "ಹೇಗಿದೀಯ?" "ನಾನು ಚೆನ್ನಾಗಿದೀನಿ. ನೀನು?" "ಚೆನ್ನಾಗಿದೀನಿ. ಮಳೆ ಬಂತಾ ಆ ಕಡೆ?" "ಬೇಸಗೇಲಿ ಯಾವ ಮಳೆಯೋ?" ಅಷ್ಟೇ. ಅವಳು ಹೇಳಲಿ ಎಂದು ಅವನು ಕಾದ. ಅವಳು ಮಗಳ ಓದು ಹೇಗಿದೆ ಎಂದು ಕೇಳಿ ಫೋನಿಟ್ಟಳು. ಅವಳಾಗಿಯೇ ಹೇಳದ್ದನ್ನು ನಾನಾಗಿ ಹೇಗೆ ಕೇಳಲಿ, ಕೇಳಿದರೆ ಯಾರು ಹೇಳಿದರು ಎನ್ನುತ್ತಾಳೆ, ಎದುರಿಗೆ ಹೋಗಿ ಕೂತು ಕಣ್ಣಾರೆ ನೋಡಿದರೆ ಕೇಳುವ ಅಗತ್ಯವೇ ಇರುವುದಿಲ್ಲ ಎಂದು ಅವನ ಮನಸ್ಸು ಹಾದಿ ಹುಡುಕಿತು. ಅವಳಿರುವ ಸಣ್ಣ ಊರು ನಗರದಿಂದ ಆಚೆಗೆ, ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರ. ನಗರ ನೋಡಲಿಕ್ಕೆಂದು ಹೋದರೆ, ನಡುವೆ ಒಂದು ದಿನ ಸದ್ದಿಲ್ಲದೆ ಅವಳ ಪಾಲಿಗೆ ತೆಗೆದಿಡಬಹುದು. ಒಂದು ದಿನಕ್ಕಾಗಿ ಇಡೀ ವಾರದ ಪ್ರವಾಸ ಕಟ್ಟಿದ. ಈಗ ಪ್ರವಾಸವೆಲ್ಲ ಕಟ್ಟಿನೊಳಗೆ ಕೂತಿದೆ, ಆ ಒಂದು ದಿನ ಮಾತ್ರ ಹೊರಗೆ ಉಳಿದಿದೆ.

"ಆಯ್ತೇನ್ರೀ ನಮ್ದು?"

ಬಾಗಿಲಲ್ಲಿ ನಿವೃತ್ತ ಅಧಿಕಾರಿ ನಿಂತಿದ್ದರು. ಕೈಯಲ್ಲಿ ಮಡಚಿದ ಕೊಡೆ, ಮುಖದಲ್ಲಿ ಇಡೀ ಕಚೇರಿಯನ್ನು ಬೆನ್ನಿಗೆ ಕಟ್ಟಿಕೊಂಡೇ ನಿವೃತ್ತರಾದವರ ಠೀವಿ. ಬೀಳ್ಕೊಡುಗೆಯ ದಿನ ತೆಗೆದ ಉದ್ದನೆಯ ಫೋಟೋ ಅವರದು. ನಿನ್ನೆ ಅದನ್ನು ಮೇಜಿನ ಮೇಲೆ ಹರಡಿ, "ನೋಡಿ, ಈ ತುದೀಲಿರೋನು ನಾನು. ಆ ತುದೀಲಿ ನಮ್ಮ ಡ್ರೈವರ್ರು. ಇಬ್ರೂ ಪೂರ್ತಿ ಕಾಣ್ಬೇಕು, ಒಂದು ನೂಲೂ ಮುಚ್ಚಕೂಡದು," ಎಂದಿದ್ದರು. ಇವನು ಹೂಂ ಅಂದಿದ್ದ. ಫೋಟೋದ ಸುತ್ತ ಕೂರುವ ದಪ್ಪ ರಟ್ಟಿನಲ್ಲಿ ಕೊಯ್ಯುವ ಕಿಂಡಿ ಯಾವತ್ತೂ ಫೋಟೋಕ್ಕಿಂತ ಸ್ವಲ್ಪ ಸಣ್ಣದಿರಬೇಕು. ನಾಲ್ಕೂ ಕಡೆ ರಟ್ಟು ಫೋಟೋದ ಅಂಚನ್ನು ಕೊಂಚ ಕಚ್ಚಿ ಹಿಡಿದರೇ ಅದು ನಿಲ್ಲುವುದು. ಈ ಕೆಲಸಕ್ಕೆ ಕೂತ ಮೊದಲ ದಿನ ಕಲಿಯುವ ಪಾಠ ಇದು. ಅಧಿಕಾರಿಗೆ ಅದನ್ನು ಹೇಳಬೇಕಾಗಿತ್ತು. ಹೇಳಿದ್ದರೆ ಅವರು ಒಂದು ಕ್ಷಣ ಮುಖ ಗಂಟಿಕ್ಕಿ ಒಪ್ಪಿಕೊಳ್ಳುತ್ತಿದ್ದರು. ಅದರ ಬದಲು, ತಲೆಯಲ್ಲಿ ಶುಕ್ರವಾರವನ್ನು ತಿರುಗಿಸುತ್ತಾ, ಕಿಂಡಿಯನ್ನು ಫೋಟೋದ ಅಳತೆಗೆ ಸರಿಯಾಗಿ ಕೊಯ್ದುಬಿಟ್ಟಿದ್ದ. ಈಗ ಕಟ್ಟನ್ನು ಎತ್ತಿ ತೋರಿಸಿದ್ದೇ ತಡ, ಹಿಂದೆ ಅಂಟಿಸಿದ್ದ ಟೇಪು ಬಿಟ್ಟು ಫೋಟೋ ಒಂದು ಕಡೆ ಜಾರಿ, ನಿಧಾನವಾಗಿ, ಯಾರಿಗೂ ನೋವಾಗದ ಹಾಗೆ ಗಾಜಿನ ಒಳಗೇ ಕುಸಿಯಿತು.

"ಇದೇನ್ರೀ ಇದು! ನಮ್ಮಾಫೀಸು ಪೂರ್ತಿ ಕೆಳಗೆ ಕೂತುಬಿಡ್ತಲ್ಲ?"

"ಸುತ್ತ ಸ್ವಲ್ಪ ಹಿಡೀದಿದ್ರೆ ನಿಲ್ಲಲ್ಲ ಸರ್."

"ಇದನ್ನ ನಿನ್ನೆ ಹೇಳ್ಬೇಕೋ ಬೇಡ್ವೋ? ನಿನ್ನೆ ಹೂಂ ಅಂದೋರು ನೀವೇ ತಾನೆ?"

"ನಾನೇ ಸರ್."

"ಹೊಸಬ್ರಾ ಈ ಕೆಲ್ಸಕ್ಕೆ?"

ಅವನ ತಲೆ ನರೆತಿತ್ತು. ಅಧಿಕಾರಿ ಅದನ್ನು ನೋಡಿಯೇ ಕೇಳಿದ್ದು. ಪಕ್ಕದ ದರ್ಜಿ ಈಗ ಯಂತ್ರ ನಿಲ್ಲಿಸಿ ಕೇಳುತ್ತಿದ್ದಾನೆ ಎಂದು ನೋಡದೆಯೂ ಗೊತ್ತಾಯಿತು. "ಸಂಜೆ ಬನ್ನಿ ಸರ್, ಬೇರೆ ರಟ್ಟು ಹಾಕಿಕೊಡ್ತೀನಿ," ಎಂದ. "ಮುಚ್ಚೋದಾದ್ರೆ ಡ್ರೈವರ್ ಕಡೆ ಮುಚ್ಚಿ," ಎಂದು ಹೇಳಿ ಅಧಿಕಾರಿ ಮೆಟ್ಟಿಲಿಳಿದರು. ನಿನ್ನೆಯಿಂದ ಇವತ್ತಿಗೆ ಡ್ರೈವರ್ ಎಷ್ಟು ಬೇಗ ಕಿಂಡಿಯಿಂದ ಹೊರಬಿದ್ದ ಎಂದು ಅವನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಹೂಂ ಅನ್ನುವುದನ್ನು ಅವನಿಗೆ ಕಲಿಸಿದವಳು ಅಕ್ಕನೇ. ತಾಯಿ ಹೋದ ಮೇಲೆ ಮನೆಯ ಒಗೆತ, ಅಡುಗೆ, ಅವನ ತಲೆ ಬಾಚುವುದು ಎಲ್ಲ ಅವಳ ಪಾಲಿಗೆ ಬಂದಿತ್ತು. ಅವಳಿಗೇ ಇನ್ನೂ ಯಾರಾದರೂ ಬಾಚಬೇಕಾದ ವಯಸ್ಸು. ಅಜ್ಜ ಓದುತ್ತಿದ್ದ ಪದ್ಯಗಳನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಪದ್ಯಗಳನ್ನು ಬಡಿಯುತ್ತಿದ್ದಳು. ರಾಜ್ಯ ಕಳಕೊಂಡು ಕಾಡಿಗೆ ಹೊರಟ ರಾಜ, ಅವನ ಹಿಂದೆ ರಾಣಿ, ಅಗಸೆಬಾಗಿಲಲ್ಲಿ ಅಳುವ ಜನ. ಸಾಲು ಮುಗಿದಲ್ಲಿ ಬಟ್ಟೆ ಕಲ್ಲಿಗೆ ಬೀಳಬೇಕು, ಬಿದ್ದಾಗ ನೀರು ಸಿಡಿಯಬೇಕು, ಸಿಡಿದ ನೀರಿಗೆ ಅವನು ಕಣ್ಣು ಮುಚ್ಚಿ ಹೂಂ ಅನ್ನಬೇಕು. ಒಂದು ಸಲ ತಪ್ಪಿದರೂ ರಾಜ ನಡುದಾರಿಯಲ್ಲೇ ನಿಂತುಬಿಡುತ್ತಿದ್ದ. "ಆಮೇಲೆ ಏನಾಯ್ತು ಅಕ್ಕ?" "ಹೂಂ ಅನ್ನು, ಹೇಳ್ತೀನಿ." ಅರ್ಥವಾಗದ ಪದಗಳೇ ಹೆಚ್ಚು; ಆದರೂ ದನಿ ಏರುವಾಗ ದೇವರು ಹತ್ತಿರ ಬರುತ್ತಾನೆಂದೂ ಇಳಿಯುವಾಗ ದೂರ ಹೋಗುತ್ತಾನೆಂದೂ ಅವನಿಗೆ ಅನ್ನಿಸುತ್ತಿತ್ತು. ಇವತ್ತಿಗೂ ದೇವರ ಎದುರು ಕೈಮುಗಿದು ನಿಂತರೆ ಸೋಪಿನ ವಾಸನೆ ಬರುತ್ತದೆ, ಯಾರಿಗೂ ಹೇಳಿಲ್ಲ. ಅವಳಿಗೆ ಕೊಟ್ಟ ಹೂಂ ಕೇಳುವ ಆಸೆಯದು. ಆಮೇಲೆ ಲೋಕಕ್ಕೆಲ್ಲ ಹಂಚಿಕೊಂಡು ಬಂದ ಹೂಂ ಯಾವುದೆಂದು ಅವನಿಗೆ ತಿಳಿಯದು. ಮದುವೆಯಾದ ಹೊಸತರಲ್ಲೇ ಕಂಡಕ್ಟರ್ ಭಾವ ಅದನ್ನು ಹಿಡಿದು ಹೂಂರಾಯರು ಎಂದು ಹೆಸರಿಟ್ಟು, ಎಲ್ಲರೂ ನಕ್ಕು, ಅವನೂ ನಕ್ಕು, ಅದೇ ನಿಂತುಹೋಯಿತು.

ಹೊಸ ರಟ್ಟು ಅಳೆದು ಕೊಯ್ದ. ಕಟ್ಟು ಬಿಚ್ಚುವಾಗ ಮೂಲೆ ಮುಕ್ಕಾಗಿ, ಗಾಜೂ ಹೊಸದು ಬೇಕಾಗಿತ್ತು. ಹಾಳೆಯನ್ನು ಕಂಬಳಿ ಹಾಸಿದ ಮೇಜಿಗೆ ಮಲಗಿಸಿ, ಕೊಯ್ಯುವ ಚಕ್ರವನ್ನು ಎಣ್ಣೆಗೆ ಅದ್ದಿ, ಅಳತೆಪಟ್ಟಿಗೆ ಒತ್ತಿ ಎಳೆದ. ಭಾವ, ಒಂದು ಮಾತು. ಶುಕ್ರವಾರ ನನಗೆ ಬೇಕು. ಇಲ್ಲ, ಬೇಕು ಅಂದರೆ ಒರಟಾಯಿತು. ಭಾವ, ಶುಕ್ರವಾರ ನೀವೆಲ್ಲ ಜಲಪಾತಕ್ಕೆ ಹೋಗಿಬನ್ನಿ, ನಾನು ಮಾತ್ರ. ನಾನು ಮಾತ್ರ ಅಂದರೆ ಹೆಂಡತಿ ಏನೆಂದುಕೊಂಡಾಳು. ಕಿರ್ರೆಂದು ಚಕ್ರ ಓಡಿದ ಗೆರೆಯ ಮೇಲೆ ಅವನ ಕೈ ತಾನಾಗಿ ಹಿಂದಕ್ಕೆ ಬಂದು ಮತ್ತೊಮ್ಮೆ ಎಳೆಯಿತು. ಒಂದೇ ಗೆರೆಯ ಮೇಲೆ ಎರಡನೆಯ ಸಲ ಚಕ್ರ ಓಡಿಸುವವನನ್ನು ಈ ಕಸುಬಿನಲ್ಲಿ ಯಾರೂ ಮೇಜಿನ ಹತ್ತಿರ ಸೇರಿಸುವುದಿಲ್ಲ. ಮುರಿಯಲು ಒತ್ತಿದಾಗ ಗಾಜು ಗೆರೆಯನ್ನು ಬಿಟ್ಟು ತನಗೆ ತೋಚಿದ ಕಡೆ ಓರೆಯಾಗಿ ಸೀಳಿಕೊಂಡು ಹೋಯಿತು. ಅವನು ಬೈಯಲಿಲ್ಲ. ಚೂರುಗಳನ್ನು ಡಬ್ಬಕ್ಕೆ ಹಾಕಿ, ಬಾಗಿಲು ಅರ್ಧ ಎಳೆದು ಊಟಕ್ಕೆ ಹೊರಟ.

ಮನೆಯಲ್ಲಿ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಮಂಚದ ಮೇಲೆ ಮೂರೂ ಜನರ ಬಟ್ಟೆ ಗುಡ್ಡೆ ಬಿದ್ದಿತ್ತು; ಅದರ ಪಕ್ಕ ಮಗಳು ಬೋರಲು ಮಲಗಿ ಫೋನಿನಲ್ಲಿ ಓದುತ್ತಿದ್ದಳು.

"ಅಪ್ಪಾ, ಕೇಳಿಲ್ಲಿ. ಜಲಪಾತದಲ್ಲಿ ಈಗ ನೀರೇ ಇಲ್ವಂತೆ! ಹೋಗಿ ಬಂದೋರು ಬರ್ದಿದಾರೆ. ನಾನು ಮಾವಂಗೆ ಹೇಳ್ದೆ."

"ಏನಂದ?"

"ನೀರಿಲ್ದಿದ್ರೆ ಬಂಡೆ ಚೆನ್ನಾಗಿ ಕಾಣುತ್ತೆ ಅಂದ್ರು."

ಹೆಂಡತಿ ನಕ್ಕಳು. ಅವನಿಗೆ ಸಿಟ್ಟು ಬಂತು. ನೀರಿಲ್ಲದ ಜಲಪಾತ! ಬಂಡೆ ನೋಡಲಿಕ್ಕೆ ಏಳು ಜನ ಗಾಡಿ ಮಾಡಿಕೊಂಡು ಹೋಗಬೇಕು, ಅದಕ್ಕಾಗಿ ಅವನ ಶುಕ್ರವಾರ ಹೋಗಬೇಕು. ತಟ್ಟೆಯ ಮುಂದೆ ಕೂತು, "ಹಾಗಾದ್ರೆ ಅವತ್ತು ಸುಮ್ನಿರಬಹುದಲ್ಲ," ಎಂದ. "ಅಷ್ಟು ದೂರ ಹೋಗಿ ಮನೇಲಿ ಸುಮ್ನೆ ಕೂರೋದಾ?" ಎಂದಳು ಹೆಂಡತಿ. "ಕೂರೋದಲ್ಲ. ಬೇರೆ ಕಡೆ ಹೋಗಬಹುದು." "ಎಲ್ಲಿಗೆ?" "ಎಲ್ಲಿಗಾದ್ರೂ. ಆ ಕಡೆ ಎಷ್ಟೊಂದು ಊರಿವೆ." ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ನಿಮ್ಮಕ್ಕನ ಮನೆಗೆ ಹೋಗ್ಬೇಕು. ಅಷ್ಟೇ ತಾನೆ?"

ಎಷ್ಟು ದಿನದಿಂದ ಗೊತ್ತಿತ್ತು ಇವಳಿಗೆ?

"ಮೊದಲ್ನೇ ದಿನದಿಂದ ಕಾಯ್ತಾ ಇದೀನಿ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಇಪ್ಪತ್ತು ಊರು ಸುತ್ತಿ ಬರ್ತೀರ, ಆ ಒಂದೂರ ಹೆಸರು ಮಾತ್ರ ನಿಮ್ಮ ಬಾಯಲ್ಲಿ ಬರಲ್ಲ. ನಾನೇನು ಕಚ್ತೀನಾ?"

"ನಿಂಗೆ ಇಷ್ಟ ಇಲ್ವೇನೋ ಅಂತ."

"ಕೇಳಿದ್ರಾ?"

ಅವನಿಗೆ ಆ ಹಳೆಯ ವಾರ ನೆನಪಾಯಿತು, ಅಕ್ಕ ನಿವೃತ್ತಳಾದ ಮೇಲೆ ಬಂದು ಇದೇ ಮನೆಯಲ್ಲಿ ಇದ್ದದ್ದು. ಇವರಿಬ್ಬರೂ ಹೊರಗೆ ಹೋಗಿದ್ದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ದಿನಾ ಬೇಕಾದವು ಕೈಗೆ ಸಿಗುವಂತೆ ಕೆಳಗೆ, ಅಪರೂಪದವು ಮೇಲೆ ಎಂದು ಜೋಡಿಸಿಟ್ಟಿದ್ದಳು. ಆಸ್ಪತ್ರೆಯ ಔಷಧಿ ಕಪಾಟಿನ ಶಿಸ್ತು. ಹೆಂಡತಿ ಬಂದು ನೋಡಿ, "ಇದೇನು ವಾರ್ಡಾ?" ಎಂದಿದ್ದಳು, ಅಕ್ಕನಿಗೆ ಕೇಳಿಸುವಷ್ಟು. ಮರುದಿನ ಬೆಳಿಗ್ಗೆ ಅಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು, ಇನ್ನೆರಡು ದಿನ ಇರು ಎನ್ನುತ್ತಾನೇನೋ ಎಂದು. ಅವನು ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡ. ಬಸ್‌ ನಿಲ್ದಾಣದವರೆಗೆ ತಾನೇ ಹೊತ್ತು ತಂದುಕೊಟ್ಟ. ಅಷ್ಟು ಮಾಡಿದರೆ ಒಳ್ಳೆಯ ತಮ್ಮ ಆದೆನೆಂದು ಆಗ ಅನ್ನಿಸಿತ್ತು.

"ಆ ಡಬ್ಬಿ ವಿಷ್ಯ," ಎಂದು ಶುರುಮಾಡಿದ.

"ಡಬ್ಬಿ ಅವತ್ತಿಂದ ಅವರಿಟ್ಟ ಹಾಗೇ ಇದೆ. ಒಂದೂ ಕದಲ್ಸಿಲ್ಲ ನಾನು. ಕೈಗೆ ಸರಿಯಾಗಿ ಸಿಗುತ್ತೆ. ದಿನಾ ಅಡುಗೆಮನೆಗೆ ಬಂದು ನೀರು ಕುಡೀತೀರಲ್ಲ, ಕಣ್ಣಿಗೇ ಬಿದ್ದಿಲ್ವಾ?"

ಅವನು ತಲೆಯೆತ್ತಿ ಅಡುಗೆಮನೆಯ ಬಾಗಿಲೊಳಗೆ ನೋಡಿದ. ಹೌದು. ಕೆಳಗಿನ ಹಲಗೆಯಲ್ಲಿ ಸಣ್ಣವು, ಮುಚ್ಚಳದ ಬಣ್ಣ ಒಂದೇ ಕಡೆಗೆ. ಅಕ್ಕನ ಕೈ ಅಲ್ಲೇ ಇತ್ತು, ಇಷ್ಟು ವರ್ಷ. ಎಷ್ಟು ಸಣ್ಣವನಾದೆ ಎನ್ನಿಸಿತು. ಹೆಂಡತಿಯ ಮೇಲೆ ಹೊರಿಸಿಟ್ಟುಕೊಂಡಿದ್ದ ಒಂದು ನೆಪವನ್ನು ಅವಳು ಇಸ್ತ್ರಿ ಮಾಡಿದ ಅಂಗಿಯಂತೆ ಮಡಚಿ ಅವನ ಕೈಗೇ ಕೊಟ್ಟಿದ್ದಳು.

"ಅವಳಿಗೆ ಆಪರೇಷನ್ ಆಗಿದೆ," ಎಂದ.

"ಯಾವಾಗ? ಏನು ಆಪರೇಷನ್ನು?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನೀವು ಅವರ ತಮ್ಮ ತಾನೆ?" ಅವಳು ಪ್ಲಗ್ಗು ಕಿತ್ತಳು. "ಈಗ್ಲೇ ಅಣ್ಣಂಗೆ ಫೋನ್ ಮಾಡಿ. ಇಡೀ ದಿನ ಬೇಕು ಅನ್ನಿ. ನಾನು ಹೇಳಲ್ಲ, ನೀವೇ ಹೇಳ್ಬೇಕು. ಇಷ್ಟು ದಿನ ನಾನು ನಿಮ್ಮ ಬಾಯಾಗಿದ್ದು ಸಾಕು."

ಮಗಳು ಎದ್ದು ಬಂದು ಅವನ ಫೋನಿನಿಂದಲೇ ಮಾವನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ ಅವನ ಮುಂದೆ ಹಿಡಿದಳು.

"ಹೇಳಿ ಹೂಂರಾಯ್ರೇ! ಬ್ಯಾಗ್ ಕಟ್ಟಾಯ್ತಾ?"

"ಭಾವ, ಶುಕ್ರವಾರ."

"ಶುಕ್ರವಾರ ಫಸ್ಟ್ ಕ್ಲಾಸ್! ವ್ಯಾನ್ ದೊಡ್ಡದೇ ಹೇಳಿದೀನಿ, ಕಾಲು ಚಾಚ್ಕೊಂಡು ಕೂರಬಹುದು."

"ಅದಲ್ಲ ಭಾವ. ಅವತ್ತು ನಂಗೆ ಒಂದು ಕಡೆ."

"ಗಾಜಿನ ಮಾರ್ಕೆಟ್ಟಾ? ಅದು ಬುಧವಾರಕ್ಕೆ ಹಾಕಿದೀನಲ್ರೀ. ನಿಮ್ಮ ಕೆಲ್ಸ ನಾನು ಮರೀತೀನಾ?"

"ಅಣ್ಣಾ," ಎಂದಳು ಹೆಂಡತಿ, "ಅವರ ಮಾತು ಮುಗಿಸೋಕ್ಕೆ ಬಿಡು ಸ್ವಲ್ಪ."

ಆ ಕಡೆ ಸದ್ದಡಗಿತು. ಈ ಕಡೆ ಹೆಂಡತಿ, ಮಗಳು ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಎಲ್ಲರೂ ಜಾಗ ಬಿಟ್ಟುಕೊಟ್ಟು ನಿಂತ ಈ ಮೌನ ಭಾವನ ಗದ್ದಲಕ್ಕಿಂತ ಕಷ್ಟದ್ದಾಗಿತ್ತು. ಅಕ್ಕ ಅಲ್ಲಿದ್ದಾಳೆ, ಹುಷಾರಿಲ್ಲ, ನೋಡಬೇಕಾಗಿತ್ತು ಎಂದು ಊರ ಹೆಸರು ಹೇಳಿದ. ಹೇಳುವಾಗ ದನಿ ಸಾಲ ಕೇಳುವವನ ದನಿಯಾಯಿತು.

"ಅಯ್ಯೋ, ಇಷ್ಟೇನಾ! ಅದು ದಾರೀಲೇ ಸಿಗುತ್ತಲ್ರೀ! ಕೋಟೆಯಿಂದ ಜಲಪಾತಕ್ಕೆ ಹೋಗೋ ರಸ್ತೇಲೇ. ಮೊದ್ಲೇ ಹೇಳೋದಲ್ವಾ ಮಾರಾಯ್ರೇ? ಅರ್ಧ ಗಂಟೆ ನಿಲ್ಸೋಣ. ಹೋಗಿ, ಮಾತಾಡ್ಸಿ, ಬಂದ್ಬಿಡಿ. ನಾವು ವ್ಯಾನಲ್ಲೇ ಇರ್ತೀವಿ, ಹುಷಾರಿಲ್ದೋರಿಗೆ ಅಷ್ಟು ಜನರ ತೊಂದ್ರೆ ಬೇಡ. ಹಣ್ಣು ನಾನೇ ತರ್ತೀನಿ. ಸರಿ ತಾನೆ?"

ಭಾವನ ದನಿಯಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಹಣ್ಣಿನ ಮಾತು ಕೂಡ ಮನಸ್ಸಿನಿಂದಲೇ ಬಂದಿತ್ತು. ಸಿಟ್ಟು ಮಾಡಲಿಕ್ಕೆ ಅಲ್ಲೆಲ್ಲೂ ಒಂದು ಮೊನೆ ಸಿಗಲಿಲ್ಲ. ಇಡೀ ದಿನ ಬೇಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು, ಇಷ್ಟು ಒಳ್ಳೆಯತನದ ಎದುರು ದುರಾಸೆಯಂತೆ ಕಂಡು, ಹಿಂದಕ್ಕೆ ಸರಿಯಿತು.

"ಹೂಂ," ಎಂದ.

"ಸಣ್ಣ ವಿಷ್ಯಕ್ಕೆ ಎಷ್ಟು ಒದ್ದಾಡ್ತೀರ್ರೀ. ಹತ್ತಿ ಹತ್ತಿ!"

ಹೆಂಡತಿ ಬಟ್ಟೆಯ ಗುಡ್ಡೆಯ ಕಡೆ ತಿರುಗಿಕೊಂಡಳು. ಮಗಳ ಲಂಗವೊಂದನ್ನು ಎತ್ತಿ ಮಡಚತೊಡಗಿದಳು. ಆಮೇಲೆ, ಅವನಿಗೋ ಕೈಯಲ್ಲಿದ್ದ ಲಂಗಕ್ಕೋ ಹೇಳುವಂತೆ, "ಅರ್ಧ ಗಂಟೆಗೆ ಹೂಂ ಅಂದ್ರಿ," ಎಂದಳು. ಅವನು ಕೈತೊಳೆದು ಚಪ್ಪಲಿ ಮೆಟ್ಟುವಾಗ ಮತ್ತೆ, "ಹೋಗ್ಲಿ, ಅವರನ್ನಾದ್ರೂ ಕೇಳಿದೀರಾ, ಬರಬಹುದಾ ಅಂತ?"

ಬಿಸಿಲಿನ ರಸ್ತೆಯಲ್ಲಿ ನಡೆಯುತ್ತಾ ಆ ಪ್ರಶ್ನೆಯನ್ನು ತಲೆಕೊಡವಿ ಬೀಳಿಸಲು ನೋಡಿದ. ಅಕ್ಕನನ್ನು ಕೇಳುವುದೆಂದರೇನು? ತಮ್ಮ ಬರುತ್ತಾನೆಂದರೆ ಬೇಡ ಅನ್ನುವ ಅಕ್ಕ ಇದ್ದಾಳೆಯೇ? ಮನಸ್ಸಿನಲ್ಲಿ ಅವನು ಎಷ್ಟೋ ಸಲ ಅವಳ ಮಹಡಿಯ ಕೋಣೆಯ ಮೆಟ್ಟಿಲು ಹತ್ತಿದ್ದಾನೆ. ಪ್ರತಿ ಸಲವೂ ಬಾಗಿಲು ತೆರೆದೇ ಇತ್ತು. ಅರ್ಧ ಗಂಟೆಯಾದರೇನು, ಮುಖ ನೋಡಲಿಕ್ಕೆ ಎಷ್ಟು ಹೊತ್ತು ಬೇಕು? ಕೈ ಹಿಡಿದುಕೊಂಡು ಕೂತರೆ ಅರ್ಧ ಗಂಟೆ ಕಡಿಮೆಯೇನಲ್ಲ. ಹೀಗೆ ಒಂದೊಂದೇ ಹೆಜ್ಜೆಗೆ ಅರ್ಧ ಗಂಟೆಯನ್ನು ಹಿಗ್ಗಿಸುತ್ತಾ, ಅಂಗಡಿ ಮುಟ್ಟುವ ಹೊತ್ತಿಗೆ ಅದು ಸಾಕಷ್ಟು ದೊಡ್ಡದಾಗಿ ಕಾಣತೊಡಗಿತ್ತು. ಸ್ಟೂಲಿನ ಮೇಲೆ ಕೂತು, ಅಧಿಕಾರಿಯ ಫೋಟೋವನ್ನು ಪಕ್ಕಕ್ಕೆ ಸರಿಸಿ, ಫೋನು ಮಾಡಿದ.

"ಅಕ್ಕಾ, ನಾನು."

"ಗೊತ್ತಾಯ್ತು. ಏನೋ ಇದು, ಹೊತ್ತಲ್ಲದ ಹೊತ್ತಲ್ಲಿ? ಎಲ್ರೂ ಹುಷಾರಾ?"

"ಹುಷಾರು. ಮುಂದಿನ ವಾರ ನಾವೆಲ್ಲ ನಗರಕ್ಕೆ ಬರ್ತಾ ಇದೀವಿ. ಭಾವನ ಮನೆಗೆ."

"ಹೌದಾ! ಒಳ್ಳೇ ಕೆಲ್ಸ ಮಾಡ್ದೆ. ಮಗೂಗೆ ಸಮುದ್ರ ತೋರ್ಸು ಮೊದ್ಲು. ಮಿಕ್ಕಿದ್ದೆಲ್ಲ ಆಮೇಲೆ."

"ಶುಕ್ರವಾರ ನಿನ್ನ ಕಡೆ ಬರ್ತೀವಿ."

ಆ ಕಡೆ ಒಂದು ಕುರ್ಚಿ ಎಳೆದ ಸದ್ದು. ಅವಳು ಕೂತಿರಬೇಕು. ಮತ್ತೆ ಬಂದ ದನಿಗೆ ವಯಸ್ಸೇ ಇರಲಿಲ್ಲ. "ಶುಕ್ರವಾರವಾ? ಶುಕ್ರವಾರ ನಂಗೇನೂ ಇಲ್ಲ. ಹಾಸಿಗೆ ಒಂದು ಸಾಲಲ್ಲ, ಕೆಳಗಿನ ಮನೆಯೋರತ್ರ ಈಸ್ಕೋತೀನಿ. ಮಗು ನನ್ ಹತ್ರ ಮಲಗ್ಲಿ. ನಿನ್ನ ಹೆಂಡ್ತಿಗೆ ಹೇಳು, ಅಡುಗೆಮನೆ ಪೂರ್ತಿ ಅವಳಿಗೇ ಬಿಟ್ಕೊಡ್ತೀನಿ, ಹ್ಯಾಗೆ ಬೇಕಾದ್ರೂ ಜೋಡಿಸ್ಕೊಳ್ಳಿ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು, ಎಲ್ಲೋ ನೋವಾದವರ ಹಾಗೆ. "ಎಷ್ಟು ದಿನ ಇರ್ತೀರಾ?"

ಅವನು ಮೇಜಿನ ಅಂಚು ಹಿಡಿದುಕೊಂಡ. "ಇಲ್ಲ ಅಕ್ಕ. ಉಳ್ಕೊಳ್ಳಲ್ಲ."

"ಸರಿ, ಊಟ ಮಾಡ್ಕೊಂಡು ಹೋಗಿ ಹಾಗಾದ್ರೆ."

"ಊಟ ಕೋಟೆ ಹತ್ರ ಆಗುತ್ತಂತೆ."

"ಯಾವ ಕೋಟೆ?"

ಹೇಳಬೇಕಾಯಿತು. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಜಲಪಾತ, ಏಳು ಜನ, ವ್ಯಾನು. ಅವರೆಲ್ಲ ಕೆಳಗೇ ಇರುತ್ತಾರೆ, ನಿನಗೇನೂ ತೊಂದರೆಯಾಗುವುದಿಲ್ಲ ಎಂದ. ಅರ್ಧ ಗಂಟೆ ಎಂದ. ಹೇಳುತ್ತಾ ಹೋದಂತೆ ರಸ್ತೆಯಲ್ಲಿ ಹಿಗ್ಗಿಸಿ ತಂದದ್ದೆಲ್ಲ ಮತ್ತೆ ತನ್ನ ಅಳತೆಗೆ ಕುಗ್ಗಿತು, ಆ ಕಡೆಯ ಮೌನ ತುಂಬಲು ಇನ್ನೇನಾದರೂ ಬೇಕಾಗಿ, ಬಾಯಿಗೆ ಬಂದದ್ದನ್ನು ಹೇಳಿದ: "ನಿನ್ನೂರು ದಾರೀಲೇ ಸಿಗುತ್ತಲ್ಲ ಅಕ್ಕ."

"ದಾರೀಲೇ ಸಿಗುತ್ತೆ," ಎಂದಳು ಅವಳು, ಪದ್ಯದ ಒಂದು ಸಾಲನ್ನು ಬಿಡಿಸಿ ನೋಡುವಂತೆ ನಿಧಾನವಾಗಿ. "ನಾನು ಇಲ್ಲಿಗೆ ಬಂದಾಗಿಂದ ದಾರೀಲೇ ಇದೀನಲ್ಲೋ. ಇಷ್ಟು ವರ್ಷ ಸಿಗದೋಳು ಈಗ ಹ್ಯಾಗೆ ಸಿಕ್ದೆ?"

ಅವನು ಅಳತೆಪಟ್ಟಿಯನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿಟ್ಟ.

"ಯಾರು ಹೇಳಿದ್ರು ನಿಂಗೆ?"

"ಏನು?"

"ನನ್ನತ್ರ ಆಡ್ಬೇಡ. ಯಾರು ಹೇಳಿದ್ರು?"

"ನಿನ್ನ ಕೈಕೆಳಗೆ ಕಲ್ತೋಳು ಒಬ್ಳು. ಕಟ್ಟು ಹಾಕ್ಸೋಕೆ ಬಂದಿದ್ಳು."

"ಯಾವಾಗ?"

"ಬೇಸಗೇಲಿ."

"ಬೇಸಗೇಲಿ." ಅವಳು ಉಸಿರು ಬಿಟ್ಟಳು. "ಆಮೇಲೆ ಎಷ್ಟು ಸಲ ಫೋನ್ ಮಾಡ್ದೆ ನೀನು. ಮಳೆ ಬಂತಾ ಅಂತ ಕೇಳ್ದೆ."

"ನೀನೂ ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ. ನಾನು ಕಾದೆ. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ. ಹೊಲಿಗೆ ಒಣಗೋವರ್ಗೂ ಕಾದೆ. ಈಗ ಕೋಟೆಗೂ ಬಂಡೆಗೂ ನಡುವೆ, ಕೆಳಗೆ ಗಾಡಿ ಹಾರ್ನ್ ಹೊಡೀತಾ ಇರುವಾಗ ನನ್ನ ನೋಡೋಕೆ ಬರ್ತೀಯಾ? ನಾನೇನು ನೋಡೋ ಜಾಗಾನಾ?"

ಬಾಗಿಲಲ್ಲಿ ಯಾರದೋ ನೆರಳು ಬಂದು ಹೋಯಿತು. ಅವನು ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ತಿಳಿದಿರಲಿಲ್ಲ. ಬೆಳಗಿನಿಂದ ಕೂಡಿಸಿ ಕಳೆದು ತಿದ್ದಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಭಾವನ ಮುಂದೆ, ಹೆಂಡತಿಯ ಮುಂದೆ, ಕೊಡೆ ಹಿಡಿದು ಬಂದ ಅಧಿಕಾರಿಯ ಮುಂದೆ ಒಳಗೇ ಸಿಕ್ಕಿಬೀಳುತ್ತಿದ್ದ ಆ ಒಂದು ವಾಕ್ಯ, ಇನ್ನಾವ ವಾಕ್ಯವೂ ಅಡ್ಡ ಬರದ್ದರಿಂದಲೋ ಏನೋ, ತಾನಾಗಿ ಹೊರಗೆ ಬಂತು.

"ನಿನ್ನ ನೋಡ್ಬೇಕು ಅಕ್ಕ. ವ್ಯಾನೂ ಬೇಡ, ಕೋಟೇನೂ ಬೇಡ. ಯಾರೂ ಬೇಡ. ನಾನೊಬ್ನೇ ಬರ್ತೀನಿ, ನೀನು ಹೋಗು ಅನ್ನೋವರ್ಗೂ ಇರ್ತೀನಿ. ಬರ್ಲಾ?"

ಅವಳು ಯೋಚಿಸಿದಳು. ಯೋಚಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಆ ಕೋಣೆಯಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುವುದು ಕೂಡ ಕೇಳುತ್ತಿತ್ತು.

"ಬೇಡ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ; ವಾರ್ಡಿನ ಬಾಗಿಲಲ್ಲಿ ನಿಂತು, ನೋಡುವ ಹೊತ್ತು ಮುಗಿಯಿತೆಂದು ಬಂದವರಿಗೆ ಹೇಳಿ ಹೇಳಿ ಪಳಗಿದ ದನಿ ಅದು. "ಬರಬೇಡ."